ಮುಳ್ಳು ಇಳಿದ ಶುಕ್ರವಾರ

ಈಚೆಗೆ ಯಾವ ಗಾಡಿ ಹತ್ತಿದರೂ ನನ್ನ ಕಣ್ಣು ಮೊದಲು ಹೋಗುವುದು ಡ್ರೈವರಿನ ಮುಂದಿರುವ ಮೀಟರಿನ ಗಾಜಿನೊಳಕ್ಕೆ. ಮೊದಲೆಲ್ಲ ಹೀಗಿರಲಿಲ್ಲ. ಹತ್ತಿದೊಡನೆ ಮುಂದೆ ಅಂಟಿಸಿರುವ ದೇವರ ಪಟ ಹುಡುಕುತ್ತಿದ್ದೆ. ಹೂವು ಬಾಡಿದೆಯೋ ಹೊಸದೋ ನೋಡಿ, ಕೈ ಮುಗಿದು ಕೂತರೆ ಊರು ಬರುವವರೆಗೆ ನಿಶ್ಚಿಂತೆ. ಈಗ ಪಟಕ್ಕೆ ಕೈ ಮುಗಿಯುತ್ತಲೇ ಓರೆಗಣ್ಣಿನಲ್ಲಿ ಮುಳ್ಳನ್ನು ನೋಡುತ್ತೇನೆ. ಇಂಜಿನ್ನಿನ ಬಿಸಿ ತೋರಿಸುತ್ತದೆ ಅನ್ನುವ ಆ ಸಣ್ಣ ಮುಳ್ಳನ್ನು.

ಹೋದ ವಾರ ಮದ್ದೂರಿನಿಂದ ಮಳವಳ್ಳಿಗೆ ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ನೋಡಿದರೆ ಮುಳ್ಳು ತಳದಲ್ಲಿ ಮಲಗಿದೆ. ತಡೆಯಲಾಗಲಿಲ್ಲ.

"ಡ್ರೈವರಪ್ಪಾ, ಮುಳ್ಳು ಮ್ಯಾಕೆ ಎದ್ದೇ ಇಲ್ವಲ್ಲ, ನೀರೈತಾ ನೋಡ್ಕಂಡಿದೀಯಾ?"

"ಯಾವ ಮುಳ್ಳಮ್ಮ?"

"ಅದೇ, ಬಿಸಿ ತೋರ್ಸೋದು."

ಅವನು ಬಗ್ಗಿ ನೋಡಿ, "ಅಯ್ಯೋ, ಅದು ನಾನು ಈ ಬಸ್ಸಿಗೆ ಬರೋಕ್ ಮುಂಚೇನೇ ತೀರ್ಕಂಡೈತೆ. ನೀವು ಸುಮ್ಕೆ ಕೂತ್ಕಳಿ," ಅಂದ. ಹಿಂದಿನಿಂದ ಕಂಡಕ್ಟರು, "ಯಾವೂರ್ ಮೆಕ್ಯಾನಿಕ್ಕು ಅಕ್ಕಾ ನೀವು?" ಅಂತ ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಗಲಿ. ನಾನು ಮೆಕ್ಯಾನಿಕ್ಕಲ್ಲ, ಒಲೆ ಮುಂದೆ ಮೂವತ್ತು ವರ್ಷ ನಿಂತ ಹೆಂಗಸು. ಆದರೆ ಆ ಮುಳ್ಳು ನನಗೆ ಮಾಡಿದ್ದನ್ನು ಇವರಿಗೆ ಮಾಡಿದ್ದರೆ ಇವರೂ ನಗುತ್ತಿರಲಿಲ್ಲ.

ನಮ್ಮದೊಂದು ಹಳೇ ಡೀಸೆಲ್ ಕಾರು. ಶಾಲೆ ಮೇಷ್ಟರಾಗಿದ್ದ ನಮ್ಮ ಯಜಮಾನರು ಅದನ್ನು ನಿಡಘಟ್ಟದ ಒಬ್ಬರಿಂದ ಕೊಂಡು ತಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಬಣ್ಣ ಒಂದು ಕಾಲಕ್ಕೆ ಕುಂಕುಮದಂತೆ ಇತ್ತಂತೆ. ನಮ್ಮ ಮನೆಗೆ ಬರುವ ಹೊತ್ತಿಗೆ ಒಗೆದು ಒಗೆದು ಹಳೆಯದಾದ ರವಿಕೆಯಂತಾಗಿತ್ತು. ಅದನ್ನು ಚಾಲೂ ಮಾಡುವುದೇ ಒಂದು ವ್ರತ. ಕೀಲಿ ಅರ್ಧ ತಿರುಗಿಸಿದರೆ ಸುರುಳಿಯಂಥ ಹಳದಿ ದೀಪವೊಂದು ಹತ್ತುತ್ತದೆ. ಅದು ಆರುವವರೆಗೂ ಕಾಯಬೇಕು. ಅಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ, ಯಜಮಾನರ ಮುಖದಲ್ಲಿ ಪರೀಕ್ಷೆ ಕೊಠಡಿಯ ಗಾಂಭೀರ್ಯ. ನನಗೆ ಅದು ಅನುಕೂಲವೇ ಆಯಿತು. ಆ ದೀಪ ಹತ್ತಿ ಆರುವಷ್ಟರಲ್ಲಿ ಗಣಪತಿಯ ಒಂದು ಶ್ಲೋಕ ಸರಿಯಾಗಿ ಮುಗಿಯುತ್ತದೆ.

ಮುಳ್ಳಿನ ಪರಿಚಯ ಮಾಡಿಸಿದವರೂ ಅವರೇ. "ನೋಡು, ತಳದಲ್ಲಿದ್ದರೆ ತಣ್ಣಗೈತೆ ಅಂತ. ಮಧ್ಯಕ್ಕೆ ಬಂದು ನಿಂತ್ರೆ ಸುಖ. ಮ್ಯಾಲಿನ ಕೆಂಪು ಗೆರೆಗೆ ಹೋದ್ರೆ ಕೇಡು," ಅಂದಿದ್ದರು. ಇಷ್ಟು ಸುಲಭದ ವಿದ್ಯೆಗೆ ಗಂಡಸರು ಇಷ್ಟು ಬೀಗುತ್ತಾರಲ್ಲ ಅನ್ನಿಸಿತ್ತು ನನಗೆ.

ಬಿಸಿಯ ವಿಚಾರ ನನಗೆ ಹೊಸದೇನಲ್ಲ. ನನ್ನ ತವರು ಕೊತ್ತತ್ತಿ ಕಡೆ. ಮನೆಯ ಹಿಂದೆ ನಾಲೆ, ನಾಲೆಯಾಚೆ ಗದ್ದೆ, ಗದ್ದೆ ದಾಟಿದರೆ ಆಲೆಮನೆ. ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವ ಹದ ನೋಡುತ್ತಿದ್ದವರು ನಮ್ಮಪ್ಪ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ನೊರೆ ಎದ್ದು, ಬಣ್ಣ ತಿರುಗಿ, ಗುಳುಗುಳು ಸದ್ದು ನಿಧಾನವಾಗಿ ಲೊಟಲೊಟ ಅನ್ನಲು ತೊಡಗಿದಾಗ ಅಪ್ಪ ಎದ್ದು ನಿಲ್ಲುತ್ತಿದ್ದರು. ತಣ್ಣೀರಲ್ಲಿ ಬೆರಳದ್ದಿ, ಸೌಟಿನಿಂದ ಚೂರು ಪಾಕ ತೆಗೆದು ಉಂಡೆ ಮಾಡಿ ನೋಡಿ, "ಇಳಿಸ್ರಲಾ" ಅಂದರೆ ನಾಲ್ಕು ಜನ ಹಾರಿ ಬರುತ್ತಿದ್ದರು. ನಾನು ಒಮ್ಮೆ ಕೇಳಿದ್ದೆ: "ಅಪ್ಪಾ, ಹೆಂಗೆ ಗೊತ್ತಾಯ್ತದೆ?" ಅಪ್ಪ, "ಮೂಗೈತೆ, ಕಿವಿ ಐತೆ, ಇನ್ನೇನ್ ಬೇಕವ್ವ?" ಅಂದಿದ್ದರು. ಅಂಥವರ ಮಗಳು ನಾನು. ಮೂಗು ಕಿವಿ ಎರಡನ್ನೂ ಮನೆಯಲ್ಲೇ ಬಿಟ್ಟು ಬಂದವಳ ಹಾಗೆ ಒಂದು ಮುಳ್ಳನ್ನು ನಂಬಿ ಕೂತೆ.

ಆಗಿದ್ದು ಹೀಗೆ. ಮಗಳು ಕಾವ್ಯಳಿಗೆ ಚೊಚ್ಚಲ ಹೆರಿಗೆ, ಮಂಡ್ಯದ ಆಸ್ಪತ್ರೆಯಲ್ಲಿ. ಗಂಡು ಮಗು. ಆಪರೇಷನ್ ಆಗಿದ್ದರಿಂದ ಐದು ದಿನ ಇರಿಸಿಕೊಂಡು ಶುಕ್ರವಾರ ಬೆಳಿಗ್ಗೆ ಕಳುಹಿಸುತ್ತೇವೆ ಅಂದರು. ಶುಕ್ರವಾರ ಅಂದೊಡನೆ ನನ್ನ ತಲೆಯಲ್ಲಿ ಮೊದಲು ಹೊಳೆದದ್ದು ರಾಹುಕಾಲ. ಹತ್ತೂವರೆಗೆ ಹಿಡಿದರೆ ಹನ್ನೆರಡಕ್ಕೆ ಬಿಡುತ್ತದೆ. ಕೂಸು ಹತ್ತೂವರೆಯೊಳಗೆ ಮಳವಳ್ಳಿಯ ನಮ್ಮ ಮನೆಯ ಹೊಸ್ತಿಲು ದಾಟಬೇಕು. ಇದೊಂದೇ ನನ್ನ ಪಟ್ಟು. ಕಾವ್ಯ, "ಮಧ್ಯಾಹ್ನ ಹೋದ್ರೇನಮ್ಮ?" ಅಂದಳು. ಮಧ್ಯಾಹ್ನದವರೆಗೆ ಆ ಮಂಚ ಖಾಲಿ ಮಾಡದಿರಲು ಆಗುತ್ತದೆಯೇ? ಹೊರಗೆ ಇನ್ನೊಬ್ಬ ಬಸುರಿ ಕಾಯುತ್ತಿದ್ದಾಳೆ.

ಕಾಗದಪತ್ರ ಎಲ್ಲ ಮುಗಿದು ಹೊರಟಾಗ ಒಂಬತ್ತೂಕಾಲು. ಪುಷ್ಯದ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಾವ್ಯಳ ಕಿವಿಗೆ ಹತ್ತಿ, ತಲೆಗೆ ಉಣ್ಣೆ ಸ್ಕಾರ್ಫು. ಕೂಸನ್ನು ಮೂರು ಸುತ್ತು ಸುತ್ತಿ, ಮೂಗಿನ ತುದಿ ಮಾತ್ರ ಕಾಣುವಂತೆ ಮಾಡಿ, ಹಿಂದಿನ ಸೀಟಿನಲ್ಲಿ ಕಾವ್ಯಳ ಪಕ್ಕ ಮಡಿಲಲ್ಲಿಟ್ಟುಕೊಂಡು ಕೂತೆ. ಕಿಟಕಿಗಳೆಲ್ಲ ಮುಚ್ಚಿಸಿ, ಕಾರಿನ ಹೀಟರ್ ಹಾಕಿಸಿದೆ. ಬಾಣಂತಿಗೆ ಗಾಳಿ ತಗುಲಬಾರದಲ್ಲ. ಯಜಮಾನರ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

"ನನ್ನೂ ಬಾಣಂತಿ ಮಾಡಿಬುಟ್ಟೆ ಕಣೆ," ಅಂದರು.

"ಸ್ವಲ್ಪ ಸೈಸ್ಕಳಿ. ಮೊಮ್ಮಗ ಅಲ್ವಾ?"

ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗಿದಾಗ ಇನ್ನೂ ಹತ್ತಾಗಿರಲಿಲ್ಲ. ನನಗೆ ಒಂದು ಅಭ್ಯಾಸವಿದೆ. ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು. ಹಾಲು ಒಡೆಯಲಿಲ್ಲ, ಗ್ಯಾಸು ಹಬ್ಬದವರೆಗೂ ಬಂತು, ಮಳೆಗೆ ಮುಂಚೆ ಬಟ್ಟೆ ಒಣಗಿತು, ಹೀಗೆ. ದೊಡ್ಡ ವರಗಳನ್ನು ಕೇಳಿ ನನಗೆ ಅಭ್ಯಾಸವಿಲ್ಲ. ಅವತ್ತೂ ಎಣಿಸುತ್ತಾ ಕೂತಿದ್ದೆ. ತಾಯಿ ಕ್ಷೇಮ, ಒಂದು. ಮಗು ಕ್ಷೇಮ, ಎರಡು. ಮದ್ದೂರಲ್ಲಿ ಗಾಡಿಗಳ ಗುಂಪಿರಲಿಲ್ಲ, ಮೂರು.

ಆಗ ಯಜಮಾನರು ಹೀಟರ್ ಸೆಕೆಯ ಬೆವರನ್ನು ಒರೆಸಿಕೊಳ್ಳುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು.

"ಮುಳ್ಳು ಮ್ಯಾಕೆ ಹೋಯ್ತಾ ಐತಲ್ಲ," ಅಂದರು.

ಹಿಂದಿನ ಸೀಟಿನಿಂದ ಬಗ್ಗಿ ನೋಡಿದೆ. ಸದಾ ಮಧ್ಯದಲ್ಲಿರುತ್ತಿದ್ದದ್ದು ಮುಕ್ಕಾಲು ದಾಟಿತ್ತು. ನೋಡನೋಡುತ್ತಿದ್ದಂತೆ ಕೆಂಪು ಗೆರೆಯ ಹತ್ತಿರಕ್ಕೆ ತೆವಳಿತು.

"ನಿಲ್ಸಿ ನೋಡ್ತೀನಿ," ಅಂದರು.

"ಬ್ಯಾಡಿ ಕಣ್ರೀ! ನಿಲ್ಸುದ್ರೆ ಹತ್ತೂವರೆ ಆಗೋಯ್ತದೆ. ನಿಧಾನಕ್ಕೆ ಓಡ್ಸಿ, ಇನ್ನೇನ್ ಬಂದೇಬುಡ್ತು."

"ಬಂದೇಬುಡ್ತು ಅನ್ನಕೆ ಇನ್ನೂ ಅರ್ಧ ದಾರಿ ಐತೆ."

"ನಾನು ಅವ್ವ ಮಾರಮ್ಮಂಗೆ ಹೇಳ್ಕತೀನಿ. ನೀವು ಓಡ್ಸಿ."

ಕಣ್ಣು ಮುಚ್ಚಿದೆ. ಹೆರಿಗೆಯ ಪುರುಡಿನ ಮೈಲಿಗೆಯಲ್ಲಿ ದೀಪ ಹಚ್ಚುವಂತಿಲ್ಲ, ಮನಸ್ಸಿನಲ್ಲಿ ಬೇಡಿಕೊಳ್ಳಲು ಯಾರ ಅಡ್ಡಿ? ಊರ ಮಾರಮ್ಮನಿಗೆ ಹನ್ನೊಂದು ಈಡುಗಾಯಿ ಹರಕೆ ಹೊತ್ತೆ. ತಾಯೀ, ಆ ಮುಳ್ಳು ಇಳಿಯಲಿ. ಕಣ್ಣು ಬಿಟ್ಟೆ. ನೀವು ನಂಬಬೇಕು, ಮುಳ್ಳು ಕೆಂಪು ಗೆರೆಯಿಂದ ಸರ್ರನೆ ಜಾರಿ, ಮಧ್ಯವನ್ನೂ ದಾಟಿ, ತಳಕ್ಕೆ ಹೋಗಿ ಕೂತಿತು.

ನನಗೆ ಮೈ ಜುಂ ಅಂದಿತು. ಕಾವ್ಯಳ ಕೈ ಹಿಡಿದುಕೊಂಡೆ. "ನೋಡಿದ್ಯಾ? ನೋಡಿದ್ಯಾ?" ಅಂದೆ. ಯಜಮಾನರಿಗೂ ಬೆರಗು. ದೇವರ ವಿಚಾರದಲ್ಲಿ ಅವರು ಸ್ವಲ್ಪ ಮೊಂಡು; ಆದರೂ ಅವತ್ತು "ಪರವಾಗಿಲ್ವೆ!" ಅಂತ ಕಾಲನ್ನು ಒತ್ತಿಯೇ ಒತ್ತಿದರು. ಕಾರು ಜೋರಾಗಿ ಓಡಿತು. ನಾನು ನಾಲ್ಕನೆಯ ಗೆಣ್ಣು ಮುಟ್ಟಿದೆ. ಮುಳ್ಳು ಇಳಿಯಿತು, ನಾಲ್ಕು.

ಈಗ ನೆನೆದರೂ ಆ ಬೆರಳು ತಣ್ಣಗಾಗುತ್ತದೆ.

ಒಂದೆರಡು ಕಿಲೋಮೀಟರು ಹೋಗಿರಬೇಕು, ಕೂಸು ಸೀನಿತು. ಕಾವ್ಯ ಮುಂದಕ್ಕೆ ಕೈ ಚಾಚಿ ಹೀಟರಿನ ಕಿಂಡಿಗೆ ಅಂಗೈ ಹಿಡಿದಳು. "ಅಮ್ಮಾ, ಇದ್ರಲ್ಲಿ ತಣ್ಣಗಾಳಿ ಬತ್ತಾ ಐತೆ."

"ಇಷ್ಟೊತ್ತೂ ಬಿಸಿ ಬತ್ತಿತ್ತಲ್ಲೇ?"

"ಈಗ ಇಲ್ಲ. ಮುಟ್ ನೋಡು."

ಮುಟ್ಟಿದೆ. ನಾಲೆ ಮೇಲಿಂದ ಬರುವ ಬೆಳಗಿನ ಗಾಳಿಯ ಹಾಗೆ ಕೊರೆಯುತ್ತಿತ್ತು. ಕೂಸು ಮತ್ತೆ ಸೀನಿತು. "ಅಪ್ಪಾ, ಹೀಟ್ರು ಆರ್ಸಿ, ಗಾಡಿ ನಿಲ್ಸಿ. ದುಪ್ಪಟಿ ಡಿಕ್ಕೀಲೈತೆ, ಮಗೀಗೆ ಹೊದಿಸ್ಬೇಕು," ಅಂದಳು ಕಾವ್ಯ.

"ಹತ್ತೂವರೆ..." ಅಂತ ನಾನು ಬಾಯಿ ತೆಗೆದೆ.

"ಅಮ್ಮ, ನಿನ್ ಹತ್ತೂವರೆ ನನ್ ಮಗೀಗಿಂತ ಹೆಚ್ಚಾ?"

ಐದು ದಿನದ ಬಾಣಂತಿ ಹಾಗಂದ ಮೇಲೆ ಅದರ ಮುಂದೆ ಪಂಚಾಂಗ ನಿಲ್ಲುತ್ತದೆಯೇ? ರಸ್ತೆಯಂಚಿನ ಹುಣಸೆಮರದಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು.

ಆಫ್ ಮಾಡಿದ ಮೇಲೂ ಅದು ಸುಮ್ಮನಾಗಲಿಲ್ಲ. ಬಾನೆಟ್ಟಿನ ಕೆಳಗೆ ಚಿಟ್ ಚಿಟ್ ಅಂತ ಸದ್ದು. ಬಾಗಿಲು ತೆಗೆದರೆ ಮೂಗಿಗೆ ವಾಸನೆ. ಅದು ಹೊಗೆಯ ವಾಸನೆಯಲ್ಲ. ಪಾತ್ರೆ ತಳ ಹಿಡಿದು, ಅದೂ ಮೀರಿ, ಪಾತ್ರೆಯೇ ಸುಡುವಾಗ ಬರುತ್ತದಲ್ಲ, ಆ ವಾಸನೆ. ಯಜಮಾನರು ಬಾನೆಟ್ಟಿಗೆ ಕೈ ಇಟ್ಟು ಹೌಹಾರಿ ಕಿತ್ತುಕೊಂಡರು. ಟವಲ್ ಸುತ್ತಿಕೊಂಡು ಎತ್ತಿದರು. ದಪ್ಪ ರಬ್ಬರ್ ಪೈಪೊಂದು ಉದ್ದಕ್ಕೆ ಸೀಳಿತ್ತು. ಅದರಿಂದ ಸೋರಲು ಒಂದು ತೊಟ್ಟು ನೀರೂ ಉಳಿದಿರಲಿಲ್ಲ. ನಾನು ಕುಡಿಯುವ ನೀರಿನ ಬಾಟಲಿ ಕೊಟ್ಟೆ. ಅವರು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು.

"ಸಾ! ಮುಟ್ಬ್ಯಾಡಿ ಸಾ! ಕೈ ತಗೀರಿ!"

ರಸ್ತೆಯಾಚೆ ಟ್ರ್ಯಾಕ್ಟರ್ ರಿಪೇರಿಯ ಒಂದು ಶೆಡ್ಡು. ಅಲ್ಲಿಂದ ಐವತ್ತರ ಆಸುಪಾಸಿನವನೊಬ್ಬ ಎಣ್ಣೆಗೈ ಆಡಿಸುತ್ತಾ ಓಡಿ ಬಂದ. ಹೆಸರು ಚಿಕ್ಕಣ್ಣ ಅಂತ ಆಮೇಲೆ ತಿಳಿಯಿತು.

"ಮುಚ್ಚಳ ತಗುದ್ರೆ ಮಕ ಬೆಂದೋಯ್ತದೆ. ತಣ್ಣೀರು ಉಯ್ದ್ರೆ ಇಂಜಿನ್ ಹೆಡ್ಡು ಬಿರೀತದೆ. ಕಾದ ಬಾಣ್ಲಿ ನಲ್ಲಿ ಕೆಳಗೆ ಹಿಡೀತಾರಾ ಯಾರಾರಾ?" ಅಂದವನು ಒಳಗೆ ಬಗ್ಗಿ ನೋಡಿದ. "ಮುಳ್ಳು ಎಲ್ಲಿತ್ತು ಸಾ?"

"ಮೊದಲು ಮೇಲಕ್ಕೆ ಹೋಯ್ತು. ಆಮೇಲೆ ತಾನೇ ಇಳೀತು."

"ನಿಧಾನಕ್ಕೆ ಇಳೀತಾ, ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ," ಅಂದೆ ನಾನು. ನನ್ನ ಧ್ವನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು. "ದೇವ್ರು ಇಳಿಸಿದ್ದು."

ಚಿಕ್ಕಣ್ಣ ನೆಟ್ಟಗೆ ನಿಂತು ನನ್ನ ಮುಖ ನೋಡಿದ.

"ಅಕ್ಕಾ, ಆ ಮುಳ್ಳು ಇಂಜಿನ್ ಬಿಸಿ ತೋರ್ಸಕಿಲ್ಲ. ನೀರಿನ್ ಬಿಸಿ ತೋರ್ಸದು. ಒಳಗೊಂದು ಸಣ್ಣ ಬುಡ್ಡೆ ಇರ್ತದೆ, ಅದು ನೀರಲ್ಲಿ ಮುಳುಗಿರ್ಬೇಕು. ನೀರೆಲ್ಲ ಸುರುದೋದ್ಮೇಲೆ ಅದೇನ್ ಹೇಳ್ತದೆ? ತಣ್ಣಗಿವ್ನಿ ಅಂತದೆ. ಮುಳ್ಳು ಮ್ಯಾಕೆ ಹೋದಾಗ ಅಪಾಯ ಅರ್ಧ. ಹಂಗೆ ಬಿದ್ದಾಗ್ಲೇ ಪೂರ್ತಿ."

ಯಜಮಾನರ ಕೈಯಿಂದ ಬಾಟಲಿಯನ್ನು ಹಿಂದಕ್ಕೆ ತೆಗೆದುಕೊಂಡೆ.

ಅವನ ಮಾತನ್ನು ನನಗೆ ಎರಡನೆಯ ಸಲ ವಿವರಿಸಬೇಕಾಗಲಿಲ್ಲ. ಮದುವೆಯಾಗಿ ಮಳವಳ್ಳಿಗೆ ಬಂದ ಹೊಸತು. ಮನೆಗೆ ಮೊದಲ ಕುಕ್ಕರ್ ಬಂದಿತ್ತು. ನಾನು ಅಕ್ಕಿ, ಬೇಳೆ ಎಲ್ಲ ಒಳಗಿಟ್ಟೆ. ತಳಕ್ಕೆ ನೀರು ಹಾಕುವುದನ್ನೇ ಮರೆತೆ. ಅರ್ಧ ಗಂಟೆ ಕಳೆದರೂ ಕುಕ್ಕರ್ ಕೂಗಲಿಲ್ಲ. ಪಕ್ಕದ ಮನೆ ಕುಕ್ಕರ್ ರೈಲಿನ ಹಾಗೆ ಕೂಗುತ್ತಿದ್ದರೆ ನಮ್ಮದು ತೆಪ್ಪಗೆ ಕೂತಿತ್ತು. ಅತ್ತೆ ಜಗಲಿಯಲ್ಲಿ ಕೂತು, "ನಮ್ ಸೊಸೆ ಕೈಗೆ ಕುಕ್ಕರ್ರೂ ಹೆದ್ರುಕಂಡು ಸುಮ್ಕದೆ" ಅಂತ ಬಂದವರಿಗೆಲ್ಲ ಹೇಳಿದರು. ನಾನೂ ನಾಚಿ ನಕ್ಕೆ. ಆಮೇಲೆ ಇದೇ ವಾಸನೆ. ಮುಚ್ಚಳದ ಬಿರಡೆ ಕರಗಿ ಹೋಗಿತ್ತು. ನೀರಿಲ್ಲದಿದ್ದರೆ ಆವಿಯಿಲ್ಲ, ಆವಿಯಿಲ್ಲದಿದ್ದರೆ ಕೂಗಿಲ್ಲ. ಇದು ನನಗೆ ಗೊತ್ತಿತ್ತು! ಚಿಕ್ಕಣ್ಣ ಹೇಳುವ ಮೊದಲೇ, ಮೂವತ್ತು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ, ಕೂಸನ್ನು ಮಡಿಲಲ್ಲಿಟ್ಟುಕೊಂಡು, ಓಡಿಸಿ ಓಡಿಸಿ ಅಂದೆ.

"ಇಳುದ್ಮೇಲೆ ಎಷ್ಟು ದೂರ ಓಡ್ಸುದ್ರಿ ಸಾ?"

"ಎರಡು ಕಿಲೋಮೀಟ್ರು ಇರ್ಬೌದು."

"ಇನ್ನೆರಡು ಓಡ್ಸಿದ್ರೆ ಇಂಜಿನ್ ಕಚ್ಕಬುಡೋದು. ನಡುರಸ್ತೇಲಿ ಗಕ್ಕನೆ ನಿಂತಿರೋದು. ಹಿಂದ್ಗಡೆ ನೋಡಿ."

ನೋಡಿದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಮನೆಯೆತ್ತರ ಕಬ್ಬು ಹೇರಿಕೊಂಡು ಟ್ರ್ಯಾಕ್ಟರುಗಳ ಸಾಲು ಬರುತ್ತಿತ್ತು. ಒಂದಕ್ಕೂ ತಕ್ಷಣ ನಿಲ್ಲುವ ಶಕ್ತಿಯಿಲ್ಲ. ಒಂದೊಂದು ದಾಟಿದಾಗಲೂ ನಮ್ಮ ಕಾರು ನಡುಗಿತು. ನಾನು ಕೂಸಿಗೆ ದುಪ್ಪಟಿ ಹೊದಿಸಿ ಕಾವ್ಯಳ ಕೈಗೆ ಕೊಟ್ಟು, ಇಬ್ಬರನ್ನೂ ಕಾರಿನಿಂದ ಇಳಿಸಿ ಹುಣಸೆಮರದ ಬುಡದಾಚೆಗೆ ಕರೆದೊಯ್ದೆ.

"ಅಂತೂ ಯಾಕೆ ನಿಲ್ಸುದ್ರಿ?" ಚಿಕ್ಕಣ್ಣ ಕೇಳಿದ.

"ಮಗೀಗೆ ಚಳಿ ಆಯ್ತು," ಅಂದಳು ಕಾವ್ಯ. "ಹೀಟ್ರಲ್ಲಿ ತಣ್ಣಗಾಳಿ ಬಂತು."

"ಅದೇ ಗುರುತು ಕಣವ್ವ! ಆ ಬಿಸಿಗಾಳೀನೂ ಅದೇ ನೀರಿಂದ ಬರೋದು. ನೀರು ಹೋದ್ರೆ ಬರೀ ಗಾಳಿ. ನೀನು ಮೆಕ್ಯಾನಿಕ್ಕಾಗ್ಬೇಕಿತ್ತು."

ಕಾವ್ಯ ನಕ್ಕಳು. ಯಜಮಾನರು ನನ್ನ ಕಡೆ ತಿರುಗಿ, ಮೆಲ್ಲಗೆ, ಆದರೆ ಬಿಡದೆ ಹೇಳಿದರು: "ನೀನು ಮುಳ್ಳು ಇಳೀಲಿ ಅಂತ ಬೇಡ್ಕಂಡೆ. ಅವ್ವ ಇಳಿಸಿದ್ಲು. ಇಂಜಿನ್ ತಣ್ಣಗಾಗ್ಲಿ ಅಂತ ಬೇಡ್ಕಂಡ್ಯಾ?"

ಹನ್ನೊಂದು ಈಡುಗಾಯಿಯನ್ನು ಆಮೇಲೆ ಒಡೆದೆ, ಅದು ಬೇರೆ ಮಾತು. ಏನು ಬೇಡಬೇಕೆಂದು ತಿಳಿಯದವಳಿಗೂ ದೇವಿ ಕೂಸಿಗೊಂದು ಸೀನು ಕೊಟ್ಟಳಲ್ಲ, ಅದಕ್ಕೆ.

ಅಷ್ಟರಲ್ಲಿ ಶೆಡ್ಡಿನ ಹಿಂದಿನ ಮನೆಯಿಂದ ಚಿಕ್ಕಣ್ಣನ ಹೆಂಡತಿ ಸುಜಾತ ಬಂದಳು. ನೆರಳಲ್ಲಿ ನಡುಗುತ್ತಿದ್ದ ಕಾವ್ಯಳನ್ನು ಕಂಡು ಗಂಡನ ಮೇಲೆ ರೇಗಿದಳು. "ಬಾಣಂತಿನ ಬೀದೀಲಿ ನಿಲ್ಸ್ಕಂಡು ಪಾಠ ಮಾಡ್ತಾ ಇದೀಯಲ್ಲ, ನಿಂಗೆ ಗ್ಯಾನ ಬ್ಯಾಡ್ವಾ? ಬಾ ಮಗ, ಒಳಕ್ಕೆ ಬಾ."

ನಾನು ಗಡಿಯಾರ ನೋಡಿದೆ. ಹತ್ತೂ ಮೂವತ್ತೈದು. ರಾಹುಕಾಲ ಹಿಡಿದಾಗಿತ್ತು. ಕೂಸು ಹುಟ್ಟಿದ ಮೇಲೆ ಮೊದಲು ಹೊಗುವ ಮನೆ, ಅದೂ ಬೇರೆಯವರದು, ಅದೂ ಈ ಹೊತ್ತಿನಲ್ಲಿ. ಬಾಗಿಲವರೆಗೂ ಹೋಗಿ ನಿಂತೆ. ತೆರೆದ ಬಾಗಿಲಿನಿಂದ ಒಳಗೋಡೆಯ ಬುದ್ಧನ ಪಟ ಕಾಣುತ್ತಿತ್ತು. ಸುಳ್ಳು ಹೇಳಲಾರೆ, ನನ್ನ ಕಾಲು ಹಿಂದೆಗೆದದ್ದು ರಾಹುಕಾಲ ಒಂದಕ್ಕೇ ಅಲ್ಲ. ನಮ್ಮ ಊರಿನಲ್ಲಿ ಯಾರ ಮನೆಗೆ ಹೋಗಬಹುದು, ಯಾರ ಮನೆಯಲ್ಲಿ ನೀರು ಕುಡಿಯಬಹುದು ಅಂತ ಬಾಯಿಬಿಟ್ಟು ಹೇಳದೆಯೇ ಕಲಿಸಿಬಿಟ್ಟಿರುತ್ತಾರೆ. ನಾನೂ ಕಲಿತಿದ್ದೆ. ಬಾಯಿಗೆ ಬಂದದ್ದು ಮಾತ್ರ ಬೇರೆ: "ನಮ್ಗೆ ಪುರುಡು ಕಳ್ದಿಲ್ಲ ಕಣಮ್ಮ. ಮ್ಯಾಲೆ ರಾಹುಕಾಲ ಬ್ಯಾರೆ. ನಿಮ್ಮನೆಗೆ ಹೆಂಗೆ ಬರದು?"

ಸುಜಾತ ನನ್ನನ್ನು ಒಂದು ಗಳಿಗೆ ನೋಡಿದಳು. ನಾನು ಹೇಳಿದ್ದೂ ಹೇಳದ್ದೂ ಅವಳಿಗೆ ತಿಳಿಯಿತೆಂದು ನನಗೆ ತಿಳಿಯಿತು.

"ನಮ್ಮನೇಲಿ ರಾಹುಕಾಲ ಇಲ್ಲ ಕಣಕ್ಕ. ಪುರುಡೂ ಇಲ್ಲ. ಒಲೆ ಐತೆ, ಬಿಸಿನೀರೈತೆ. ಬರೋದಾದ್ರೆ ಬನ್ನಿ. ಕೂಸು ಚಳೀಲೈತೆ."

ಕಾವ್ಯ ನನ್ನನ್ನು ಕಾಯಲಿಲ್ಲ. ಕೂಸಿನೊಂದಿಗೆ ಒಳಗೆ ಹೋದಳು. ನಾನು ಅವಳ ಹಿಂದೆ ಹೋದೆ. ಬಲಗಾಲು ಮುಂದಿಟ್ಟೆನೋ ಎಡಗಾಲೋ, ಈಗಲೂ ನೆನಪಿಲ್ಲ.

ಸುಜಾತ ಒಲೆಯ ಕೆಂಡಕ್ಕೆ ಅಂಗೈ ಕಾಯಿಸಿ ಕೂಸಿನ ಎದೆಗೆ, ಪಾದಕ್ಕೆ ಒತ್ತಿದಳು. ಕಾವ್ಯಳಿಗೆ ಮೆಣಸು ಬೆಳ್ಳುಳ್ಳಿ ಹಾಕಿದ ಬಿಸಿ ಸಾರು ಕೊಟ್ಟಳು. ನನಗೂ ಒಂದು ಲೋಟ ಕೊಟ್ಟಳು, ಕುಡಿದೆ. ಕೂಸಿನ ಮೂಗಿನ ತುದಿ ಕೆಂಪಗಿದ್ದದ್ದು ನಿಧಾನವಾಗಿ ಎಂದಿನ ಬಣ್ಣಕ್ಕೆ ಬಂತು. ಮಂಚದ ಮೇಲೆ ತಾಯಿ ಮಗು ಇಬ್ಬರೂ ನಿದ್ದೆ ಹೋದರು. ಹೊರಗೆ ಚಿಕ್ಕಣ್ಣ ಹೊಸ ಪೈಪು ಹಾಕುತ್ತಾ, ಮುಳ್ಳು ಸದಾ ತಳದಲ್ಲೇ ಇದ್ದರೆ ಏನು ಅರ್ಥ, ಊರೊಳಗೆ ನಿಂತಾಗ ಮಾತ್ರ ಏರಿದರೆ ಯಾವ ಫ್ಯಾನು ನೋಡಬೇಕು ಅಂತ ಯಜಮಾನರಿಗೆ ಹೇಳಿಕೊಡುತ್ತಿದ್ದ. ಮೇಷ್ಟರು ವಿದ್ಯಾರ್ಥಿಯ ಹಾಗೆ ಹೂಂಗುಟ್ಟುತ್ತಿದ್ದರು.

ಸುಜಾತ ಅವರೆಕಾಯಿಯ ಬುಟ್ಟಿ ಎಳೆದುಕೊಂಡು ಸುಲಿಯಲು ಕೂತಳು. ಸುಮ್ಮನೆ ಕೂರಲಾರದ ಕೈ ನನ್ನದು, ನಾನೂ ಒಂದು ಹಿಡಿ ತೆಗೆದುಕೊಂಡೆ. ಈ ಸಲದ ಸೊಗಡು ಹೇಗಿದೆ, ಯಾರ ಹೊಲದ್ದು, ಹಿದುಕಿದ ಬೇಳೆಗೆ ತೆಂಗಿನಕಾಯಿ ಎಷ್ಟು ಅಂತ ಮಾತಿಗೆ ಮಾತು ಬಂತು. ಅವಳು ಅಳಿಯನ ಕತೆ ಹೇಳಿದಳು, ನಾನು ಕುಕ್ಕರಿನ ಕತೆ ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಯಜಮಾನರು ಬಾಗಿಲಲ್ಲಿ ಬಂದು ನಿಂತರು. "ಗಾಡಿ ಸಿದ್ಧ. ಇಂಜಿನ್ ಉಳ್ಕಂತು. ಹೊರಡನಾ?"

"ರಾಹುಕಾಲ ಕಳೀಲಿ ತಡೀರಿ," ಅಂದೆ.

"ಟೈಮ್ ನೋಡೆ. ಮುಕ್ಕಾಲು ಗಂಟೆ ಆಯ್ತು ಕಳ್ದು."

ಗೋಡೆಯ ಗಡಿಯಾರ ನೋಡಿ ದಂಗಾದೆ. ಮುಕ್ಕಾಲು ಗಂಟೆ! ಹುಟ್ಟಿದಾಗಿನಿಂದ ಶುಕ್ರವಾರದ ಹನ್ನೆರಡನ್ನು ನಾನು ನೋಡದೆ ಬಿಟ್ಟದ್ದಿಲ್ಲ. ಮಂಚದ ಕಡೆ ನೋಡಿದೆ. ಕೂಸು ಮುಷ್ಟಿ ಸಡಿಲಿಸಿ ಮಲಗಿತ್ತು.

"ಕೂಸು ಎಚ್ಚರ ಆಗ್ಲಿ ಬುಡಿ," ಅಂದು, ಬುಟ್ಟಿಯಿಂದ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡೆ.